20 ಬೈಟ್‌ನ ಬ್ಯಾಕಪ್

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಅಡಿಕೆ ಮಂಡಿ. ರೈತರ ಖಾತೆ, ಮುಂಗಡ, ಪಟ್ಟಿ ಎಲ್ಲ ಆಫೀಸಿನ ಒಂದು ಉಬುಂಟು ಕಂಪ್ಯೂಟರಿನಲ್ಲಿದೆ. ಅದನ್ನೇ ಸರ್ವರ್ ಅಂತ ಕರೆಯುತ್ತೇವೆ. ರಾತ್ರಿ ಎರಡೂವರೆಗೆ ಡೇಟಾಬೇಸಿನ ಬ್ಯಾಕಪ್ ತೆಗೆದು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕುವ ಸ್ಕ್ರಿಪ್ಟನ್ನು ಅಣ್ಣನ ಮಗ ಬರೆದುಕೊಟ್ಟಿದ್ದ. 30 ದಿನಕ್ಕಿಂತ ಹಳೆಯದನ್ನು ಅದೇ ಅಳಿಸುತ್ತದೆ. ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟನ್ನು ಓಡಿಸುವುದು ಕ್ರಾನ್ ಎಂಬ ಪ್ರೋಗ್ರಾಮ್. ಎರಡು ವರ್ಷ ಸರಿಯಾಗಿ ನಡೆಯಿತು. ಯುಗಾದಿ ಆದಮೇಲೆ ಕಂಪ್ಯೂಟರ್ ಬದಲಾಯಿಸಿದೆವು. ಬಿಲ್ಲಿಂಗ್ ಸಾಫ್ಟ್‌ವೇರಿನವರು ಬಂದು ಝಾಂಪ್ (ಡೇಟಾಬೇಸ್, ವೆಬ್ ಸರ್ವರ್ ಒಟ್ಟಿಗೆ ಬರುವ ಸಾಫ್ಟ್‌ವೇರ್ ಕಟ್ಟು) ಹಾಕಿ ಎಲ್ಲ ಸಿದ್ಧ ಮಾಡಿಕೊಟ್ಟರು. ಮೊನ್ನೆ ಒಂದು ಹಳೇ ಪಟ್ಟಿ ಬೇಕಾಗಿ ಬ್ಯಾಕಪ್ ಬಿಚ್ಚಿದರೆ ಖಾಲಿ! ಎಲ್ಲ ಫೈಲೂ 20 ಬೈಟ್. ಮಳೆ ಶುರುವಾದ ಮೇಲೆ ಕೆಲವು ದಿನದ ಫೈಲೇ ಇಲ್ಲ. ಕೈಯಿಂದ ಓಡಿಸಿದರೆ ಚೆನ್ನಾಗಿ ಬರುತ್ತದೆ. ಕಂಪ್ಯೂಟರ್ ಬರೆದಿಡುವ ದಾಖಲೆ, ಅಂದರೆ ಲಾಗ್‌ನಲ್ಲಿ ಸ್ಕ್ರಿಪ್ಟ್ ಓಡಿದೆ ಅಂತಲೇ ಇದೆ, ಸಾಲುಗಳನ್ನು ಕಳಿಸಿದ್ದೇನೆ. ಎರರ್ ಎಲ್ಲೂ ಇಲ್ಲ. ಒಬ್ಬರು ಸ್ಕ್ರಿಪ್ಟಿಗೆ 777 ಅನುಮತಿ ಕೊಡಿ ಅಂದರು. ಇನ್ನೊಬ್ಬರು ರೂಟ್‌ಗೆ, ಅಂದರೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಇರುವ ಖಾತೆಗೆ ಹಾಕಿ ಅಂದರು. ಕ್ರಾನ್ ಅಂದ್ರೇ ಹಾಗೆ, ನಂಬೋಕಾಗಲ್ಲ ಅಂತ ಮತ್ತೊಬ್ಬರು. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮುಗಿಸಿ, ಆಮೇಲೆ ಮುಂದೆ ಓದಿ. ಸ್ಕ್ರಿಪ್ಟನ್ನು ಈಗಲೇ ಕೈಯಿಂದ ಓಡಿಸಿ. ಬಂದ ಫೈಲಿನ ಗಾತ್ರ ನೋಡಿ. ಅದನ್ನು ಒಂದು ಪೆನ್ ಡ್ರೈವಿಗೆ ಹಾಕಿ ಮನೆಗೆ ಕಳಿಸಿ. ನಿಮ್ಮ ಅಸಲಿ ಡೇಟಾಬೇಸ್ ಚೆನ್ನಾಗಿಯೇ ಇದೆ, ಏನೂ ಕಳೆದುಹೋಗಿಲ್ಲ. ಆದರೆ ಈ ಕ್ಷಣದಲ್ಲಿ ನಿಮ್ಮ ಹತ್ತಿರ ಅದರ ಎರಡನೇ ಪ್ರತಿ ಎಲ್ಲೂ ಇಲ್ಲ. ಯುಗಾದಿಗೆ ಮುಂಚಿನ ಒಳ್ಳೆಯ ಬ್ಯಾಕಪ್‌ಗಳನ್ನು 30 ದಿನದ ಲೆಕ್ಕದಲ್ಲಿ ಸ್ಕ್ರಿಪ್ಟೇ ಒಂದೊಂದಾಗಿ ಅಳಿಸಿದೆ. ಅಳಿಸುವ ಭಾಗ ಮಾತ್ರ ಸ್ಕ್ರಿಪ್ಟ್ ಓಡಿದ ದಿನವೆಲ್ಲ ತಪ್ಪದೆ ಕೆಲಸ ಮಾಡಿದೆ ನೋಡಿ.

(ಕಮಾಂಡುಗಳನ್ನು, ಫೋಲ್ಡರ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.)

ಈಗ ನೀವು ಕಳಿಸಿದ ಲಾಗ್. 'ಓಡಿದೆ' ಅನ್ನುವುದಕ್ಕೆ ಸಾಕ್ಷಿಯಾಗಿ ಮೊದಲ ಸಾಲನ್ನು ತೋರಿಸಿದ್ದೀರಿ. ಅದರಲ್ಲಿ 'ಸಿಎಂಡಿ' ಅಂತಿದೆ, ಪಕ್ಕದಲ್ಲಿ ಸ್ಕ್ರಿಪ್ಟಿನ ಹೆಸರಿದೆ. ಉತ್ತರ ಇರುವುದು ಅದರ ಕೆಳಗಿನ ಸಾಲಿನಲ್ಲಿ: 'ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್'. ಇದನ್ನು ನೋಡಿ ಸುಮ್ನೆ ದಾಟಿ ಹೋಗದವರು ಕಡಿಮೆ. ಯಾವುದೋ ಮೇಲ್ ವಿಷಯ, ನಮಗ್ಯಾಕೆ ಅನ್ನಿಸುತ್ತದೆ. ಅದು ಹೇಳುತ್ತಿರುವುದು ಇಷ್ಟು: 'ನಿಮ್ಮ ಸ್ಕ್ರಿಪ್ಟ್ ಏನೋ ಹೇಳಿತು. ಅದನ್ನು ಮೇಲ್ ಮಾಡೋಣ ಅಂದರೆ ಈ ಕಂಪ್ಯೂಟರಿನಲ್ಲಿ ಮೇಲ್ ಕಳಿಸುವ ವ್ಯವಸ್ಥೆ ಇಲ್ಲ. ಹಾಗಾಗಿ ಎಸೆದೆ.'

ಏನು ಎಸೆದಿತು? ಯೋಚನೆ ಮಾಡಿ. ನಿಮ್ಮ ಸ್ಕ್ರಿಪ್ಟ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆದು, ಜಿಝಿಪ್‌ನಿಂದ ಒತ್ತಿ ಚಿಕ್ಕದು ಮಾಡಿ, ಫೈಲಿಗೆ ಬರೆಯುತ್ತದೆ. ಎಲ್ಲ ಸರಿ ಇದ್ದರೆ ಅದು ಪರದೆಯ ಮೇಲೆ ಒಂದಕ್ಷರವನ್ನೂ ತೋರಿಸುವುದಿಲ್ಲ. ಅಂದಮೇಲೆ ಎಸೆಯುವುದಕ್ಕೆ ಏನೋ ಇತ್ತು ಅಂದರೆ ಅದು ಎರರ್ರೇ. ಪ್ರತಿ ರಾತ್ರಿ ನಿಮ್ಮ ಸ್ಕ್ರಿಪ್ಟ್ ಕೂಗಿ ಹೇಳಿದೆ. ಕೇಳುವವರು ಇರಲಿಲ್ಲ ಅಷ್ಟೆ.

ಕ್ರಾನ್ ಎಂಥದ್ದು ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಅದು ನಿಮಿಷಕ್ಕೊಮ್ಮೆ ಎದ್ದು ಕ್ರಾನ್‌ಟ್ಯಾಬ್ ಎಂಬ ಕೆಲಸಗಳ ಪಟ್ಟಿ ನೋಡುತ್ತದೆ. ಈ ನಿಮಿಷಕ್ಕೆ ಕೆಲಸ ಇದ್ದರೆ ಶುರು ಮಾಡುತ್ತದೆ. ಉಬುಂಟುವಿನಲ್ಲಿರುವುದು ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್‌ನ ವಂಶದ್ದೇ. ಇಷ್ಟು ವರ್ಷ ಲಕ್ಷಾಂತರ ಸರ್ವರ್‌ಗಳಲ್ಲಿ ಓಡಿದ್ದನ್ನು 'ನಂಬೋಕಾಗಲ್ಲ' ಅನ್ನುವುದು ತಪ್ಪು. ಆದರೆ ನಾವು ಅದಕ್ಕೆ ಕೊಡದ ಕೆಲಸವನ್ನು ಅದು ಮಾಡುತ್ತಿದೆ ಅಂದುಕೊಳ್ಳುವುದೂ ತಪ್ಪು. ತೋಟದಲ್ಲಿ ಮೋಟಾರಿಗೆ ಟೈಮರ್ ಇಟ್ಟಿರುತ್ತೀರಿ ಅಲ್ವಾ? ಟೈಮರ್ ಸ್ಟಾರ್ಟರ್ ಒತ್ತುತ್ತದೆ. ಹಳ್ಳದಲ್ಲಿ ನೀರಿದೆಯಾ, ಫುಟ್‌ವಾಲ್ವ್ ಹಿಡಿದಿದೆಯಾ, ಮೇಲಿನ ಪಟ್ಟೆಗೆ ನೀರು ಬಂತಾ, ಅದು ನೋಡುವುದಿಲ್ಲ. ಲಾಗ್‌ನಲ್ಲಿರುವ 'ಸಿಎಂಡಿ' ಅಂದರೆ ಸ್ಟಾರ್ಟರ್ ಒತ್ತಿದ ದಾಖಲೆ. ನೀರು ಬಂದ ದಾಖಲೆ ಅಲ್ಲ.

ಹಾಗಾದರೆ ಕೈಯಿಂದ ಓಡಿಸಿದಾಗ ನೀರು ಬರುತ್ತದಲ್ಲ, ಅದು ಯಾಕೆ? ನನಗೆ ಬರುವ ಇಂಥ ದೂರುಗಳಲ್ಲಿ ಜಾಸ್ತಿ ಇರುವುದು ಇದೇ, 'ಕೈಯಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ'. ನೀವು ಟರ್ಮಿನಲ್ ತೆರೆದಾಗ ನಿಮ್ಮ ಮನೆ ಫೋಲ್ಡರಿನ 'ಬ್ಯಾಶ್‌ಆರ್‌ಸಿ' ಎಂಬ ಫೈಲನ್ನು ಕಂಪ್ಯೂಟರ್ ಓದುತ್ತದೆ. ಯಾವ ಪ್ರೋಗ್ರಾಮ್ ಯಾವ ಫೋಲ್ಡರಿನಲ್ಲಿ ಸಿಗುತ್ತದೆ ಎಂಬ ಪಟ್ಟಿಗೆ ಪಾತ್ ಅಂತ ಹೆಸರು. ಆ ಪಟ್ಟಿಗೆ ಹೊಸ ಫೋಲ್ಡರ್ ಸೇರಿಸುವುದು ಬಹಳ ಸಲ ಈ ಫೈಲಿನಲ್ಲೇ. ಕ್ರಾನ್ ಇದನ್ನು ಓದುವುದಿಲ್ಲ. ಅದರ ಪಾತ್‌ನಲ್ಲಿ ಸಾಮಾನ್ಯವಾಗಿ ಎರಡೇ ಜಾಗ: /ಯುಎಸ್‌ಆರ್/ಬಿನ್ ಮತ್ತು /ಬಿನ್.

ನಿಮ್ಮ ಹಳೇ ಕಂಪ್ಯೂಟರಿನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಉಬುಂಟುವಿನ ಮೂಲಕವೇ ಬಂದದ್ದಿರಬೇಕು. ಆಗ ಡಂಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ /ಯುಎಸ್‌ಆರ್/ಬಿನ್ ಒಳಗೇ ಇರುತ್ತದೆ, ಕ್ರಾನ್‌ಗೂ ಸಿಗುತ್ತದೆ. ಎರಡು ವರ್ಷ ನಡೆದದ್ದು ಹಾಗೆ. ಈಗ ಬಂದಿರುವುದು ಝಾಂಪ್. ಅದು ತನ್ನ ಇಡೀ ಸಂಸಾರವನ್ನು /ಆಪ್ಟ್/ಲ್ಯಾಂಪ್ ಒಳಗೆ ಇಟ್ಟುಕೊಳ್ಳುತ್ತದೆ. ಸಾಫ್ಟ್‌ವೇರಿನವರು ಅನುಕೂಲಕ್ಕೆ ಅಂತ ಆ ಫೋಲ್ಡರನ್ನು ಬ್ಯಾಶ್‌ಆರ್‌ಸಿಯಲ್ಲಿ ಪಾತ್‌ಗೆ ಸೇರಿಸಿಕೊಟ್ಟಿರುತ್ತಾರೆ. ನಿಮಗೆ ಸಿಗುತ್ತದೆ, ಕ್ರಾನ್‌ಗೆ ಸಿಗುವುದಿಲ್ಲ. ಪರೀಕ್ಷೆ ಸುಲಭ. ಟರ್ಮಿನಲ್‌ನಲ್ಲಿ 'ವಿಚ್ ಮೈಎಸ್‌ಕ್ಯೂಎಲ್‌ಡಂಪ್' ಅಂತ ಹೊಡೆಯಿರಿ. /ಆಪ್ಟ್/ಲ್ಯಾಂಪ್/ಬಿನ್ ಅಂತ ತೋರಿಸಿದರೆ ಕಳ್ಳ ಸಿಕ್ಕ.

ಇನ್ನು ಆ 20 ಬೈಟ್. ನಿಮ್ಮ ಕಾಗದದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಅಂಕಿ ಇದು. ಡಂಪ್ ಮತ್ತು ಜಿಝಿಪ್ ನಡುವೆ ಒಂದು ಪೈಪ್ ಇದೆ, ಆ ಉದ್ದ ಗೆರೆ. ಎಡಗಡೆಯದು ಕೊಟ್ಟದ್ದನ್ನು ಅದು ಬಲಗಡೆಗೆ ದಾಟಿಸುತ್ತದೆ. ಎಡಗಡೆ ಡಂಪ್ ಸಿಗಲೇ ಇಲ್ಲ. ಬಲಗಡೆ ಜಿಝಿಪ್ ಕಾದು ಕೂತಿತ್ತು, ಏನೂ ಬರಲಿಲ್ಲ. ಅದು ಬೇಜಾರು ಮಾಡಿಕೊಳ್ಳಲಿಲ್ಲ. ಏನೂ ಇಲ್ಲದ್ದನ್ನೇ ಶ್ರದ್ಧೆಯಿಂದ ಒತ್ತಿ ಕಟ್ಟಿಟ್ಟಿತು. ಜಿಝಿಪ್ ಫೈಲಿಗೆ ತಲೆಬರಹ 10 ಬೈಟ್, ಖಾಲಿ ಹೊಟ್ಟೆಗೆ 2 ಬೈಟ್, ಕೊನೆಯಲ್ಲಿ ಲೆಕ್ಕ ತಾಳೆ ನೋಡುವುದಕ್ಕೆ 8 ಬೈಟ್. ಒಟ್ಟು 20. ಎಲ್ಲೇ ಆಗಲಿ, ನಿಖರವಾಗಿ 20 ಬೈಟ್‌ನ ಬ್ಯಾಕಪ್ ಕಂಡರೆ ಪೈಪಿನ ಎಡಗಡೆಯವನು ಸತ್ತಿದ್ದಾನೆ ಅಂತ ತಿಳಿಯಿರಿ.

ಇದರಲ್ಲಿ ಇನ್ನೊಂದು ಮೋಸ ಇದೆ. ಪೈಪ್ ಹಾಕಿದಾಗ ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಕೇಳುವುದು ಕೊನೆಯವನನ್ನು ಮಾತ್ರ, 'ಕೆಲಸ ಆಯ್ತಾ?' ಅಂತ. ಜಿಝಿಪ್ 'ಆಯ್ತು' ಅಂದಿತು. ಸ್ಕ್ರಿಪ್ಟ್ ಗೆದ್ದೆ ಅಂದುಕೊಂಡು ಮುಂದೆ ಹೋಗಿ ಹಳೇ ಫೈಲುಗಳನ್ನು ಅಳಿಸಿತು. ಅಣ್ಣನ ಮಗನನ್ನು ಬೈಯಬೇಡಿ. ಈ ಎರಡು ಸಾಲನ್ನು ಹೀಗೆ ಬರೆಯದವರು ನನಗೆ ಗೊತ್ತಿರುವವರಲ್ಲಿ ಯಾರೂ ಇಲ್ಲ. ನಾನೂ ಸೇರಿ.

ನಾನು ಮಾಡಿಕೊಂಡ ಎಡವಟ್ಟು ಇದಕ್ಕಿಂತ ಚೆನ್ನಾಗಿದೆ. ಸಾಗರದ ಕಡೆ ಒಂದು ಆಫೀಸಿಗೆ ಬ್ಯಾಕಪ್ ಸ್ಕ್ರಿಪ್ಟ್ ಬರೆದು, ದಿನಕ್ಕೊಮ್ಮೆ ಓಡುವ ಕ್ರಾನ್ ಡೈಲಿ ಫೋಲ್ಡರಿನಲ್ಲಿ ಇಟ್ಟು ಬಂದೆ. ಹೆಸರು 'ಬ್ಯಾಕಪ್ ಡಾಟ್ ಎಸ್‌ಎಚ್'. ಉಬುಂಟು, ಡೆಬಿಯನ್‌ಗಳಲ್ಲಿ ಆ ಫೋಲ್ಡರನ್ನು ಓಡಿಸುವ ರನ್‌ಪಾರ್ಟ್ಸ್ ಎಂಬ ಪ್ರೋಗ್ರಾಮ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಇರುವ ಹೆಸರನ್ನು ಮಾತ್ರ ಒಪ್ಪುತ್ತದೆ. ಹೆಸರಿನಲ್ಲಿ ಚುಕ್ಕೆ ಇದ್ದರೆ ಮುಟ್ಟುವುದೇ ಇಲ್ಲ, ಎರರ್ ಕೂಡ ಕೊಡುವುದಿಲ್ಲ. ಒಂದು ಮಳೆಗಾಲ ಪೂರ್ತಿ ಆ ಸ್ಕ್ರಿಪ್ಟ್ ಒಂದೇ ಒಂದು ಸಲವೂ ಓಡಲಿಲ್ಲ. ದೀಪಾವಳಿ ಹೊತ್ತಿಗೆ ಬೇರೆ ಯಾವುದೋ ಕೆಲಸಕ್ಕೆ ಹೋದಾಗ ಗೊತ್ತಾಯಿತು. ಅವತ್ತು ಅಲ್ಲಿ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಈಗ ನಿಮಗೆ ಸಿಕ್ಕ ಸಲಹೆಗಳು. 777 ಕೊಡಬೇಡಿ. ನಿಮ್ಮ ಸ್ಕ್ರಿಪ್ಟ್ ಶುರುವಾಗುತ್ತಿದೆ. ಅನುಮತಿಯ ತೊಂದರೆ ಆಗಿದ್ದರೆ ಆ 20 ಬೈಟ್ ಕೂಡ ಬರುತ್ತಿರಲಿಲ್ಲ. 777 ಅಂದರೆ ಆ ಕಂಪ್ಯೂಟರಿಗೆ ಬಂದ ಯಾರು ಬೇಕಾದರೂ ಆ ಸ್ಕ್ರಿಪ್ಟನ್ನು ಓದಬಹುದು, ತಿದ್ದಬಹುದು. ಅದರೊಳಗೆ ಡೇಟಾಬೇಸಿನ ಪಾಸ್‌ವರ್ಡ್ ಇರುತ್ತದೆ. ರೂಟ್‌ಗೆ ಹಾಕುವುದರಿಂದಲೂ ಉಪಯೋಗ ಇಲ್ಲ. ರೂಟ್‌ನ ಕ್ರಾನ್‌ಟ್ಯಾಬಿಗೂ ಅದೇ ಎರಡು ಫೋಲ್ಡರಿನ ಪಾತ್. ಅಲ್ಲೂ 20 ಬೈಟೇ ಬರುತ್ತದೆ, ಮಾಲೀಕರ ಹೆಸರು ಮಾತ್ರ ಬೇರೆ. ಎರಡೂ ಸಲಹೆ ಒಟ್ಟಿಗೆ ಪಾಲಿಸಿದರೆ ಇನ್ನೂ ಕೆಟ್ಟದ್ದು: ಯಾರು ಬೇಕಾದರೂ ತಿದ್ದಬಹುದಾದ ಫೈಲು ರಾತ್ರಿ ರೂಟ್‌ನ ಅಧಿಕಾರದಲ್ಲಿ ಓಡುತ್ತದೆ. ಮಂಡಿಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಮಾತು ಬಂತು ಅಂತ ಹೇಳುತ್ತೇನೆ, ಝಾಂಪ್ ಹಾಕಿದಾಗ ಡೇಟಾಬೇಸಿನ ರೂಟ್ ಖಾತೆಗೆ ಪಾಸ್‌ವರ್ಡ್ ಇರುವುದಿಲ್ಲ. ಸಾಫ್ಟ್‌ವೇರಿನವರು ಹಾಕಿದ್ದಾರಾ ಕೇಳಿ.

ಇನ್ನೂ ಎರಡು ಸಲಹೆ ನಿಮಗೆ ಇವತ್ತಲ್ಲ ನಾಳೆ ಬಂದೇ ಬರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಒಂದು, 'ಸ್ಕ್ರಿಪ್ಟಿನ ಮೊದಲಲ್ಲಿ ಬ್ಯಾಶ್‌ಆರ್‌ಸಿಯನ್ನು ಓದಿಸಿ.' ಉಬುಂಟುವಿನಲ್ಲಿ ಇದು ಕೆಲಸ ಮಾಡುವುದಿಲ್ಲ. ಆ ಫೈಲಿನ ಮೊದಲ ಸಾಲುಗಳಲ್ಲೇ 'ಮನುಷ್ಯರು ಟರ್ಮಿನಲ್ ಮುಂದೆ ಕೂತಿಲ್ಲದಿದ್ದರೆ ಇಲ್ಲಿಂದಲೇ ವಾಪಸ್ಸು' ಎಂಬ ಅರ್ಥದ ಷರತ್ತಿದೆ. ಇನ್ನೊಂದು, 'ಕ್ರಾನ್‌ಟ್ಯಾಬಿನ ತಲೆಯಲ್ಲಿ ಪಾತ್ ಸಾಲು ಹಾಕಿ.' ಇದು ಸರಿಯಾದ ದಾರಿಯೇ. ಆದರೆ ಶೆಲ್‌ನಲ್ಲಿ ಬರೆಯುವ ಹಾಗೆ ಹಳೇ ಪಾತ್‌ಗೆ ಡಾಲರ್ ಗುರುತು ಹಾಕಿ, ಮುಂದೆ ಹೊಸದನ್ನು ಅಂಟಿಸಿದರೆ ಆಗುವುದಿಲ್ಲ. ಕ್ರಾನ್‌ಟ್ಯಾಬಿಗೆ ಡಾಲರ್ ಬಿಡಿಸಿ ಓದುವುದು ಗೊತ್ತಿಲ್ಲ. ಪೂರ್ತಿ ಪಟ್ಟಿಯನ್ನೇ ಬಿಡಿಸಿ ಬರೆಯಬೇಕು.

ಮದ್ದು ಹಾಕುವ ಮುಂಚೆ ರೋಗ ಇದೇ ಅಂತ ಕಣ್ಣಾರೆ ನೋಡಿಬಿಡಿ. ಕ್ರಾನ್‌ಟ್ಯಾಬಿನಲ್ಲಿ ನಿಮ್ಮ ಸಾಲಿನ ಕೊನೆಗೆ ಇಷ್ಟು ಸೇರಿಸಿ:

30 2 * * * /ಹೋಮ್/ಮಂಡಿ/ಬ್ಯಾಕಪ್.ಎಸ್‌ಎಚ್ >> /ಹೋಮ್/ಮಂಡಿ/ಬ್ಯಾಕಪ್.ಲಾಗ್ 2>&1

ಕೊನೆಯ ಆ 2>&1 ವಿಚಿತ್ರವಾಗಿ ಕಂಡರೂ ಅದೇ ಮುಖ್ಯ. ಪ್ರೋಗ್ರಾಮುಗಳಿಗೆ ಎರಡು ಬಾಯಿ. ಒಂದರಲ್ಲಿ ಮಾಮೂಲಿ ಮಾತು, ಎರಡರಲ್ಲಿ ಎರರ್. 'ಎರಡನೆಯದನ್ನೂ ಒಂದನೆಯದು ಹೋಗುವಲ್ಲಿಗೇ ಕಳಿಸು' ಅಂತ ಇದರ ಅರ್ಥ. ಲಾಗ್ ಫೈಲಿನ ಹೆಸರು ಮೊದಲು, ಇದು ಆಮೇಲೆ. ಹಿಂದುಮುಂದಾದರೆ ಎರರ್ ಲಾಗ್‌ಗೆ ಬರುವುದಿಲ್ಲ. ಲಾಗ್ ಫೈಲಿನ ಜಾಗದಲ್ಲಿ /ಡೆವ್/ನಲ್ ಇರುವ ಸಾಲನ್ನು ಎಲ್ಲಿಂದಲಾದರೂ ನಕಲು ಮಾಡಿ ತಂದಿದ್ದರೆ ಅದನ್ನು ಇವತ್ತೇ ಕಿತ್ತು ಹಾಕಿ. ಅದು ಸ್ಕ್ರಿಪ್ಟಿನ ಬಾಯಿಗೆ ಬಟ್ಟೆ ತುರುಕುವ ಕೆಲಸ.

ಎರಡೂವರೆವರೆಗೆ ಕಾಯಬೇಕಿಲ್ಲ. ಈಗಿನ ಸಮಯಕ್ಕೆ ಎರಡು ನಿಮಿಷ ಮುಂದಿನ ಹೊತ್ತು (ಸಾಲಿನಲ್ಲಿ ಮೊದಲು ನಿಮಿಷ, ಆಮೇಲೆ ಗಂಟೆ) ಹಾಕಿ, ಲಾಗ್ ತೆರೆದು ಕೂರಿ. 'ಮೈಎಸ್‌ಕ್ಯೂಎಲ್‌ಡಂಪ್: ಕಮಾಂಡ್ ನಾಟ್ ಫೌಂಡ್' ಅಂತ ಬರುತ್ತದೆ. ಯುಗಾದಿಯಿಂದ ಎಸೆಯುತ್ತಾ ಬಂದ ಸಾಲು ಅದೇ.

ಸರಿಪಡಿಸುವುದು ಹೇಗೆ? ಸ್ಕ್ರಿಪ್ಟಿನಲ್ಲಿ ಮೈಎಸ್‌ಕ್ಯೂಎಲ್‌ಡಂಪ್ ಅಂತ ಬರೀ ಹೆಸರಿರುವ ಕಡೆ /ಆಪ್ಟ್/ಲ್ಯಾಂಪ್/ಬಿನ್ ಸೇರಿಸಿ ಪೂರ್ತಿ ವಿಳಾಸ ಬರೆಯಿರಿ. ಪಾತ್ ಬದಲಿಸುವುದಕ್ಕಿಂತ ನನಗೆ ಇದೇ ಇಷ್ಟ, ಮುಂದೆ ಓದುವವರಿಗೂ ಅರ್ಥ ಆಗುತ್ತದೆ. 'ಸಿಗಲಿಲ್ಲ ಅಂತ ತಾನೇ, ಉಬುಂಟುವಿನಿಂದ ಇನ್ನೊಂದು ಮೈಎಸ್‌ಕ್ಯೂಎಲ್ ಕ್ಲೈಂಟ್ ಹಾಕಿಬಿಡೋಣ' ಅಂತ ಮಾತ್ರ ಹೋಗಬೇಡಿ. ಅದು ಡೇಟಾಬೇಸನ್ನು ಉಬುಂಟುವಿನ ಮಾಮೂಲಿ ಜಾಗದಲ್ಲಿ ಹುಡುಕುತ್ತದೆ. ಝಾಂಪ್‌ನ ಡೇಟಾಬೇಸ್ ಕೂತಿರುವುದು ಬೇರೆ ಕಡೆ. ಮತ್ತೆ 20 ಬೈಟ್.

ಆಮೇಲೆ ಸ್ಕ್ರಿಪ್ಟಿನ ಮೊದಲ ಸಾಲು '#!/ಬಿನ್/ಬ್ಯಾಶ್' ಅಂತ ಇರಲಿ (ಬ್ಯಾಶ್ ಎಂಬ ಶೆಲ್ ಇದನ್ನು ಓಡಿಸಲಿ ಅಂತ), ಅದರ ಕೆಳಗೆ 'ಸೆಟ್ -ಇ -ಓ ಪೈಪ್‌ಫೇಲ್' ಅಂತ ಹಾಕಿ. ಪೈಪಿನಲ್ಲಿ ಯಾರೇ ಬಿದ್ದರೂ ಅಲ್ಲೇ ನಿಲ್ಲು ಅಂತ ಅರ್ಥ. ಕ್ರಾನ್‌ಟ್ಯಾಬಿನಲ್ಲಿ ಸ್ಕ್ರಿಪ್ಟಿನ ಹೆಸರಿಗೆ ಮೊದಲು 'ಎಸ್‌ಎಚ್' ಅಂತ ಸೇರಿಸಿ ಕರೆಯಬೇಡಿ. ಹಾಗೆ ಕರೆದರೆ ಮೊದಲ ಸಾಲಿಗೆ ಬೆಲೆ ಇಲ್ಲ. ಉಬುಂಟುವಿನಲ್ಲಿ 2006ರಿಂದ ಆ ಹೆಸರಿಗೆ ಓಗೊಡುವುದು ಡ್ಯಾಶ್ ಎಂಬ ಬೇರೆ ಶೆಲ್, ಬ್ಯಾಶ್‌ನ ಎಷ್ಟೋ ಮಾತು ಅದಕ್ಕೆ ತಿಳಿಯುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಬೇಡಿ. ಡಂಪ್ ಅರ್ಧಕ್ಕೆ ನಿಂತರೂ ಫೈಲು ದಪ್ಪಗೇ ಕಾಣುತ್ತದೆ. ಮೈಎಸ್‌ಕ್ಯೂಎಲ್‌ಡಂಪ್ ಕೆಲಸ ಪೂರ್ತಿ ಮಾಡಿದರೆ ಕೊನೆಯ ಸಾಲಿನಲ್ಲಿ 'ಡಂಪ್ ಕಂಪ್ಲೀಟೆಡ್' ಅಂತ ತಾರೀಕಿನ ಸಮೇತ ಬರೆಯುತ್ತದೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಝಡ್‌ಕ್ಯಾಟ್ ಮತ್ತು ಟೇಲ್ ಕಮಾಂಡುಗಳಿಂದ ಆ ಕೊನೆಯ ಸಾಲನ್ನು ಹುಡುಕಿ, ಸಿಕ್ಕರೆ ಮಾತ್ರ ಸರಿಯಾದ ಹೆಸರು ಕೊಡಿ. ಹಳೆಯದನ್ನು ಅಳಿಸುವುದು ಅದಾದ ಮೇಲೆ. ಅಣ್ಣನ ಮಗನಿಗೆ ಇದು ಹತ್ತು ನಿಮಿಷದ ಕೆಲಸ. ನೀವು ಈ ಒಂದನ್ನು ಮಾಡಿಸಿಕೊಂಡರೂ ಈ ಕಾಗದ ಬರೆದದ್ದು ಸಾರ್ಥಕ.

ಎರಡನೇ ರೋಗಕ್ಕೆ ಬರೋಣ. ಕೆಲವು ದಿನ ಫೈಲೇ ಇಲ್ಲ ಅಂದಿರಿ, ಮಳೆ ಹಿಡಿದ ಮೇಲೆ ಅಂದಿರಿ. ಇದಕ್ಕೂ ಆ 20 ಬೈಟ್‌ಗೂ ಸಂಬಂಧ ಇಲ್ಲ. ಎರಡೂವರೆಗೆ ಕರೆಂಟು ಇರಲಿಲ್ಲ, ಯುಪಿಎಸ್ ಸತ್ತಿತ್ತು, ಅಷ್ಟೆ. ಆ ದಿನಗಳ ಲಾಗ್‌ನಲ್ಲಿ 'ಸಿಎಂಡಿ' ಸಾಲೂ ಇರುವುದಿಲ್ಲ, ನೋಡಿ. ತಪ್ಪಿಹೋದ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ. ಎರಡೂವರೆ ದಾಟಿತು ಅಂದರೆ ದಾಟಿತು, ಮುಂದಿನದು ನಾಳೆಗೇ.

ನನ್ನನ್ನು ಕೇಳಿದರೆ, ಹೊತ್ತು ಬದಲಾಯಿಸಿ. ರಾತ್ರಿ ಎರಡೂವರೆಗೆ ಬ್ಯಾಕಪ್ ಎಂಬುದು ಹಗಲೂ ರಾತ್ರಿ ಓಡುವ ದೊಡ್ಡ ಸರ್ವರ್‌ಗಳ ಅಭ್ಯಾಸ. ಅಲ್ಲಿ ಜನ ಮಲಗಿದಾಗ ಮಾಡಬೇಕು. ನಿಮ್ಮ ಮಂಡಿ ಸಂಜೆ ಮುಚ್ಚುತ್ತದೆ. ಲೆಕ್ಕ ಮುಗಿಸಿ ಬಾಗಿಲು ಹಾಕುವ ಅರ್ಧ ಗಂಟೆ ಮುಂಚೆ ಇಡಿ. ಕರೆಂಟು ಇದೆಯೋ ಇಲ್ಲವೋ ನೋಡುವುದಕ್ಕೆ ಆಗ ಮನುಷ್ಯರಿರುತ್ತಾರೆ. ಫೈಲಿನ ಗಾತ್ರವನ್ನೂ ಒಮ್ಮೆ ನೋಡಿ ಹೋಗಬಹುದು. ಮಲೆನಾಡಿನ ಆಷಾಢದಲ್ಲಿ ರಾತ್ರಿ ಎರಡೂವರೆಯನ್ನು ನಂಬಿ ನಾನಂತೂ ಯಾವ ಕೆಲಸವನ್ನೂ ಇಡುವುದಿಲ್ಲ.

ಹೊತ್ತು ಬದಲಾಯಿಸುವುದು ಬೇಡ, ತಪ್ಪಿದ್ದು ತಾನಾಗಿ ಓಡಲಿ ಅಂದರೆ ಎರಡು ದಾರಿ. ಡೆಸ್ಕ್‌ಟಾಪ್ ಉಬುಂಟುವಿನಲ್ಲಿ ಅನಾಕ್ರಾನ್ ಇರುತ್ತದೆ. ಕ್ರಾನ್ ಡೈಲಿ ಫೋಲ್ಡರಿನಲ್ಲಿಟ್ಟ ಕೆಲಸ ತಪ್ಪಿದ್ದರೆ ಕಂಪ್ಯೂಟರ್ ಎದ್ದ ಮೇಲೆ ಅದು ಓಡಿಸುತ್ತದೆ. ಹೆಸರಿನಲ್ಲಿ ಚುಕ್ಕೆ ಇಡಬೇಡಿ, ನನ್ನ ಕಥೆ ಕೇಳಿದ್ದೀರಲ್ಲ. ಜೊತೆಗೆ ಅಲ್ಲಿ ಎಲ್ಲ ಓಡುವುದು ರೂಟ್ ಆಗಿ, ಅದಕ್ಕೆ ಸ್ಕ್ರಿಪ್ಟ್ ಬೇರೆಯವರು ತಿದ್ದುವ ಹಾಗಿರಬಾರದು. ಇನ್ನೊಂದು ದಾರಿ, ಉಬುಂಟುವಿನ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಟೈಮರ್. ಅದರಲ್ಲಿ 'ಪರ್ಸಿಸ್ಟೆಂಟ್=ಟ್ರೂ' ಅಂತ ಹಾಕಿದರೆ ತಪ್ಪಿದ್ದನ್ನು ನೆನಪಿಟ್ಟು ಓಡಿಸುತ್ತದೆ. ಸ್ಕ್ರಿಪ್ಟ್ ಹೇಳಿದ್ದೆಲ್ಲ ತಾನಾಗಿ ಜರ್ನಲ್ ಎಂಬ ಅದರ ಲಾಗ್‌ಗೆ ಹೋಗುತ್ತದೆ, ಎಸೆಯುವ ಮಾತಿಲ್ಲ. ಸೋತರೆ ಬೇರೊಂದು ಕೆಲಸ ಶುರು ಮಾಡು ಅಂತಲೂ ಹೇಳಬಹುದು. ಒಂದು ಸಾಲಿನ ಬದಲು ಎರಡು ಫೈಲ್ ಬರೆಯಬೇಕು, ಅಷ್ಟೇ ಕಷ್ಟ. ಹೊಸದಾಗಿ ಹಾಕುವವರಿಗೆ ನಾನು ಇದನ್ನೇ ಹೇಳುವುದು.

ಆದರೆ ಎರಡು ದಾರಿಯಲ್ಲೂ ಒಂದು ಅಪಾಯ ಇದೆ. ತಪ್ಪಿದ ಕೆಲಸ ಓಡುವುದು ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ. ಝಾಂಪ್‌ನ ಡೇಟಾಬೇಸ್ ಆಗ ಎದ್ದಿರುತ್ತದಾ? ಎಷ್ಟೋ ಕಡೆ ಅದನ್ನು ಕೈಯಿಂದಲೇ ಶುರು ಮಾಡುತ್ತಾರೆ. ಎದ್ದಿಲ್ಲದಿದ್ದರೆ ಬ್ಯಾಕಪ್ ಮತ್ತೆ ಸೋಲುತ್ತದೆ, ಈ ಸಲ ಲಾಗ್‌ನಲ್ಲಿ ಕಾಣುತ್ತದೆ ಅನ್ನುವುದೊಂದೇ ಸಮಾಧಾನ. ಅಷ್ಟೊತ್ತಿಗೆ ಪಟ್ಟಿ ಬರೆಯುವುದೂ ಶುರುವಾಗಿದ್ದರೆ, ಟೇಬಲ್‌ಗಳು ಹಳೇ ಮೈಐಸ್ಯಾಮ್ ತರಹದವಾಗಿದ್ದರೆ, ಡಂಪ್ ಮುಗಿಯುವವರೆಗೆ ಬರೆಯುವುದು ಕಾಯಬೇಕಾಗುತ್ತದೆ. ರೈತರು ಗಾಡಿ ನಿಲ್ಲಿಸಿಕೊಂಡು ನಿಂತಿರುವಾಗ ಅದು ಬೇಡ.

ಕರೆಂಟು ಹೋಗಿ ಬಂದಾಗ ಇನ್ನೊಂದು ಆಗುತ್ತದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನಿಮ್ಮದು ಹೊರಗಿನ ಹಾರ್ಡ್ ಡಿಸ್ಕ್. ಡೆಸ್ಕ್‌ಟಾಪಿನಲ್ಲಿ ಅದು ತಾನಾಗಿ ಮೌಂಟ್ ಆಗುವುದು (ಒಂದು ಫೋಲ್ಡರಾಗಿ ತೆರೆದುಕೊಳ್ಳುವುದು) ಯಾರಾದರೂ ಲಾಗಿನ್ ಆದ ಮೇಲೆ. ರಾತ್ರಿ ಕಂಪ್ಯೂಟರ್ ತಾನೇ ಎದ್ದು ಲಾಗಿನ್ ಪರದೆಯಲ್ಲಿ ಕೂತಿದ್ದರೆ ಡಿಸ್ಕ್ ಇಲ್ಲ. ಕಂಪ್ಯೂಟರ್ ಏಳುವಾಗಲೇ ಮೌಂಟ್ ಮಾಡಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿ ಹಾಕಿದ್ದರೂ ಕೇಬಲ್ ಸಡಿಲ ಇದ್ದರೆ ಇದೇ ಕಥೆ. ಆಗ ಮೌಂಟ್ ಆಗಬೇಕಾದ ಖಾಲಿ ಫೋಲ್ಡರಿಗೇ ಸ್ಕ್ರಿಪ್ಟ್ ಬರೆಯಬಹುದು. ಅಂದರೆ ಅಸಲಿ ಡೇಟಾಬೇಸ್ ಇರುವ ಡಿಸ್ಕಿಗೇ! ಗಾತ್ರವೂ ಸರಿ ಇರುತ್ತದೆ, 'ಡಂಪ್ ಕಂಪ್ಲೀಟೆಡ್' ಕೂಡ ಇರುತ್ತದೆ. ಡಿಸ್ಕ್ ಮಾತ್ರ ತಪ್ಪು. ಸ್ಕ್ರಿಪ್ಟಿನ ಮೊದಲಲ್ಲಿ 'ಮೌಂಟ್‌ಪಾಯಿಂಟ್ -ಕ್ಯೂ' ಅಂತ ಫೋಲ್ಡರ್ ಹೆಸರು ಕೊಟ್ಟು ಕೇಳಿ. ಇಲ್ಲ ಅಂದರೆ ಅಲ್ಲೇ ನಿಲ್ಲಲಿ.

ಈಗ ಉಳಿದ ದೊಡ್ಡ ಪ್ರಶ್ನೆ. ಸೋತರೆ ನಿಮಗೆ ಗೊತ್ತಾಗುವುದು ಹೇಗೆ? ಲಾಗ್ ಫೈಲನ್ನು ದಿನಾ ತೆರೆದು ನೋಡುತ್ತೇನೆ ಅಂತ ಹೇಳಬೇಡಿ. ಒಂದು ವಾರ ನೋಡುತ್ತೀರಿ.

ಮೇಲ್ ವ್ಯವಸ್ಥೆ ಹಾಕಬಹುದು. ಆಗ ಎರರ್ ಬಂದ ದಿನ ಕ್ರಾನ್ ನಿಮಗೆ ಮೇಲ್ ಕಳಿಸುತ್ತದೆ. (ಲಾಗ್ ಫೈಲಿಗೆ ಎಲ್ಲ ತಿರುಗಿಸಿದ್ದರೆ ಕಳಿಸಲು ಏನೂ ಉಳಿದಿರುವುದಿಲ್ಲ, ಅದು ನೆನಪಿರಲಿ.) ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಮನೆ, ಆಫೀಸಿನ ಸಂಪರ್ಕದಿಂದ ನೇರ ಹೊರಟ ಮೇಲ್ ಸ್ಪ್ಯಾಮ್‌ಗೆ ಹೋಗುವುದೇ ಜಾಸ್ತಿ. ದೊಡ್ಡವರಿಗೂ ಇದು ತಪ್ಪಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಅಸಲಿ ಡೇಟಾಬೇಸ್ ಕೈತಪ್ಪಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿ, ಡಂಪ್ ತೆಗೆಯುವ ಪ್ರೋಗ್ರಾಮ್ 9.2, ಹಾಗಾಗಿ ದಿನಾ ಸೋಲುತ್ತಿತ್ತು. ಕ್ರಾನ್ ದಿನಾ ಮೇಲ್ ಕಳಿಸುತ್ತಲೂ ಇತ್ತು. ಸಹಿ ಸರಿಯಿಲ್ಲ ಅಂತ ಆ ಮೇಲ್‌ಗಳನ್ನು ಎದುರಿನ ಸರ್ವರ್ ತಿರಸ್ಕರಿಸುತ್ತಿತ್ತು. ಇದನ್ನು ಅವರೇ ಮುಚ್ಚಿಡದೆ ಬರೆದುಕೊಂಡಿದ್ದಾರೆ. ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ತೆಗೆದಿಟ್ಟ ಪ್ರತಿಯೊಂದು ಇತ್ತು, ಅದರಿಂದ ಉಳಿದರು. ನಿಮ್ಮ ಕಥೆಗೂ ಅವರ ಕಥೆಗೂ ಹೆಚ್ಚು ದೂರ ಇಲ್ಲ ನೋಡಿ.

ಅದಕ್ಕೆ ನಾನು ಉಲ್ಟಾ ದಾರಿ ಹಿಡಿಯುತ್ತೇನೆ. ಸೋತಾಗ ಕೂಗು ಅನ್ನುವುದಲ್ಲ, ಗೆದ್ದಾಗ ಹಾಜರಿ ಹಾಕು ಅನ್ನುವುದು. ಡೈರಿಗೆ ದಿನಾ ಬೆಳಿಗ್ಗೆ ಹಾಲು ತರುವ ಅಜ್ಜಿ ಒಂದು ದಿನ ಬರದಿದ್ದರೆ, ಅವರು ಹೇಳಿ ಕಳಿಸದಿದ್ದರೂ, ಡೈರಿಯವರು ವಿಚಾರಿಸುತ್ತಾರೆ ಅಲ್ವಾ? ಹಾಗೆ. ಹೆಲ್ತ್‌ಚೆಕ್ಸ್ ಡಾಟ್ ಐಓ ತರಹದ ಸೇವೆಗಳಿವೆ, ಸಣ್ಣ ಬಳಕೆಗೆ ದುಡ್ಡು ಕೇಳುವುದಿಲ್ಲ. ನಿಮಗೊಂದು ವಿಳಾಸ ಕೊಡುತ್ತವೆ. ಬ್ಯಾಕಪ್ ಪರೀಕ್ಷೆಯೆಲ್ಲ ಪಾಸಾದ ಮೇಲೆ, ಸ್ಕ್ರಿಪ್ಟಿನ ಕೊಟ್ಟಕೊನೆಯ ಸಾಲಿನಲ್ಲಿ ಕರ್ಲ್ ಎಂಬ ಕಮಾಂಡಿನಿಂದ ಆ ವಿಳಾಸವನ್ನು ಒಮ್ಮೆ ತಟ್ಟಬೇಕು. ಹೇಳಿದ ಹೊತ್ತಿಗೆ ತಟ್ಟದಿದ್ದರೆ ನಿಮ್ಮ ಫೋನಿಗೆ ಸುದ್ದಿ ಬರುತ್ತದೆ. ಕರೆಂಟು ಹೋಗಿದ್ದರೂ, ಕ್ರಾನ್ ನಿಂತಿದ್ದರೂ, ಕಂಪ್ಯೂಟರನ್ನೇ ಯಾರಾದರೂ ಹೊತ್ತೊಯ್ದಿದ್ದರೂ ಬರುತ್ತದೆ. ತೊಂದರೆ ಒಂದೇ: ಮಳೆಗೆ ಇಂಟರ್‌ನೆಟ್ ಹೋದರೆ ಬ್ಯಾಕಪ್ ಸರಿ ಆಗಿದ್ದರೂ ಎಚ್ಚರಿಕೆ ಬರುತ್ತದೆ. ನಿಮ್ಮ ಕಡೆ ಅದು ಮಾಮೂಲು. ಕಾಯುವ ಅವಧಿಯನ್ನು ಒಂದು ದಿನ ಜಾಸ್ತಿ ಇಡಿ. ಇಲ್ಲದಿದ್ದರೆ ಸುಳ್ಳು ಎಚ್ಚರಿಕೆ ಕೇಳಿ ಕೇಳಿ, ನಿಜವಾದದ್ದು ಬಂದ ದಿನ ಫೋನು ತಿರುಗಿಸಿ ಇಟ್ಟಿರುತ್ತೀರಿ.

ಒಂದೆರಡು ಸಣ್ಣ ವಿಷಯ ಉಳಿದಿವೆ. ಮುಂದೆ ಯಾವತ್ತಾದರೂ ತಾರೀಕು ಹಾಕುವ ಡೇಟ್ ಕಮಾಂಡನ್ನು ನೇರ ಕ್ರಾನ್‌ಟ್ಯಾಬ್ ಸಾಲಿನಲ್ಲೇ ಬರೆದರೆ, ಅದರಲ್ಲಿ ಬರುವ ಪ್ರತಿ % ಗುರುತಿಗೆ ಮೊದಲು \ ಹಾಕಿ. ಬರೀ % ಅನ್ನು ಕ್ರಾನ್ ಸಾಲು ಮುಗಿಯಿತು ಅಂತ ಓದುತ್ತದೆ, ಕಮಾಂಡ್ ಅಲ್ಲೇ ತುಂಡಾಗುತ್ತದೆ. ಈಗಿನ ಹಾಗೆ ಸ್ಕ್ರಿಪ್ಟಿನ ಒಳಗಿದ್ದರೆ ತೊಂದರೆ ಇಲ್ಲ. ಮತ್ತೆ, ಕರೆಂಟು ಹೋಗಿ ಬಂದಾಗ ಕಂಪ್ಯೂಟರಿನ ಗಡಿಯಾರ ಹಿಂದೆ ಬೀಳುತ್ತಿದ್ದರೆ ಮದರ್‌ಬೋರ್ಡಿನ ಬಟನ್ ಸೆಲ್ ಬದಲಾಯಿಸಿ. ಗಡಿಯಾರ ತಪ್ಪಿದರೆ ಕ್ರಾನ್‌ನ ಹೊತ್ತೂ ತಪ್ಪುತ್ತದೆ.

ಇದೆಲ್ಲ ಆದಮೇಲೆ ಒಂದು ಭಾನುವಾರ, ಮಂಡಿ ರಜೆ ಇರುವಾಗ, ಹೊಸ ಬ್ಯಾಕಪ್ ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ ತುಂಬಿಸಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ರೈತರ ಖಾತೆ ತೆಗೆಯಿರಿ. ಕಳೆದ ವಾರ ಕೊಟ್ಟ ರಾಶಿ ಎಷ್ಟು, ಬೆಟ್ಟೆ ಎಷ್ಟು, ಮುಂಗಡದಲ್ಲಿ ಮುರಿದದ್ದೆಷ್ಟು, ಕಾಗದದ ಪಟ್ಟಿ ಪಕ್ಕದಲ್ಲಿಟ್ಟು ತಾಳೆ ನೋಡಿ. ಒಂದೇ ಹಾರ್ಡ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಡಬೇಡಿ. ನಿಮ್ಮ ಕಡೆಯ ಸಿಡಿಲು ಒಂದೇ ವೈರಿನಲ್ಲಿ ಬಂದು ಎರಡನ್ನೂ ಒಟ್ಟಿಗೆ ಸುಡುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು, ವಾರಕ್ಕೊಂದನ್ನು ಮನೆಗೆ ಒಯ್ಯಿರಿ. ಲಾಗ್‌ನಲ್ಲಿ ನಾನು ಹೇಳಿದ ಸಾಲಿನ ಬದಲು ಬೇರೇನಾದರೂ ಬಂದರೆ, ಅದನ್ನು ಇದ್ದ ಹಾಗೇ, ಒಂದಕ್ಷರ ಬಿಡದೆ, ಮೇಲಿನ ಕೆಳಗಿನ ಸಾಲುಗಳ ಸಮೇತ ಕಳಿಸಿ.